ಒಗೆಯದೆ ಇಟ್ಟ ಅಂಗಿ

ತಪ್ಪು ಮಾಡಿದ್ದು ಇಡೆಲ್ಲಾ ರಕರ್ ಎಂಬವಳ ಕೈ. ತಲೆ ಯೋಚಿಸುವ ಮೊದಲೇ ಕೈ ತನ್ನ ಕೆಲಸ ಮುಗಿಸಿತ್ತು.

ಅಕ್ಟೋಬರಿನ ಒಂದು ಶನಿವಾರ, ಹೊತ್ತು ಮುಳುಗುವ ವೇಳೆಗೆ ಮಗಳು ಲುವೀನಿಯಾ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಟಾರ್ವರ್ ಎಂಬ ಬಿಳಿಯರ ಮನೆಗೆ ಇಸ್ತ್ರಿ ಬಟ್ಟೆಯ ಬುಟ್ಟಿ ಕೊಟ್ಟು ಬರಲು ಹೋದವಳು. ಹತ್ತೊಂಬತ್ತರ ಹುಡುಗಿ, ಮನೆಯಲ್ಲಿ ವೀನಿ. ಚರ್ಚಿನಲ್ಲಿ ಅವಳು ದನಿ ಎತ್ತಿದರೆ ಮಂಡಿನೋವಿನ ಮುದುಕಿಯರೂ ಎದ್ದು ನಿಲ್ಲುತ್ತಿದ್ದರು. ಅವತ್ತು ಅವಳ ಕಾಲಲ್ಲಿ ಒಂದೇ ಶೂ ಇತ್ತು. ಹಳದಿ ಹೂವಿನ ಫ್ರಾಕು ಎದೆಯ ಹತ್ತಿರ ಹರಿದಿತ್ತು. ಅದರ ತುಂಬ ಕೆಂಪು ಮಣ್ಣು, ಹತ್ತಿಯ ಎಳೆ, ರಕ್ತ.

"ಯಾರು?" ಎಂದಳು ಇಡೆಲ್ಲಾ. ಏನಾಯಿತು ಎಂದು ಕೇಳಲಿಲ್ಲ. ಅಲಬಾಮಾದಲ್ಲಿ ಕಪ್ಪು ತಾಯಂದಿರು ಅದನ್ನು ಕೇಳುವುದಿಲ್ಲ.

"ರಾಯ್ಸ್ ಟಾರ್ವರ್. ಹತ್ತಿ ಗಿರಣಿ ಹಿಂದಿನ ಗೋದಾಮಲ್ಲಿ." ವೀನಿ ಗೋಡೆ ಹಿಡಿದು ನಿಂತಿದ್ದಳು. "ನನ್ ಬಾಯಿ ಮುಚ್ಚಿದ್ದ, ಅವ್ವ. ಕೈ ಕಚ್ಚಿಬಿಟ್ಟೆ. ಮೂಳೆ ಸಿಗೋ ಹಂಗೆ ಕಚ್ಚಿದೆ. ಆದ್ರೂ ಬಿಡ್ಲಿಲ್ಲ."

ಇಡೆಲ್ಲಾ ಮಗಳಿಗೆ ನೀರು ಕಾಯಿಸಿದಳು. ತಲೆಯಿಂದ ಕಾಲಿನವರೆಗೆ ತಾನೇ ತೊಳೆದಳು. ಹಾಸಿಗೆಯಲ್ಲಿ ಮಲಗಿಸಿ ಎರಡು ಹೊದಿಕೆ ಹೊದಿಸಿದಳು. ಆಮೇಲೆ ಹಿತ್ತಲಿಗೆ ಬಂದು ಬಕೆಟ್ಟಿಗೆ ತಣ್ಣೀರು ಸೇದಿದಳು, ಒಂದು ಹಿಡಿ ಉಪ್ಪು ಹಾಕಿದಳು, ಫ್ರಾಕನ್ನು ಅದರಲ್ಲಿ ಅದ್ದಿದಳು. ರಕ್ತದ ಕಲೆಗೆ ತಣ್ಣೀರೇ ಆಗಬೇಕು. ಬಿಸಿನೀರು ತಾಕಿತೋ, ರಕ್ತ ಬಟ್ಟೆಯೊಳಗೆ ಬೆಂದು ಕೂತುಬಿಡುತ್ತದೆ, ಜನ್ಮದಲ್ಲಿ ಬಿಡುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತು ವರ್ಷದಿಂದ ಬಿಳಿಯರ ಕೊಳೆ ಒಗೆದ ಕೈ ಅದು.

ಭಾನುವಾರ ಫ್ರಾಕು ಒಣಗಿತು. ಹರಿದದ್ದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕಿ ಸೇರಿಸಿದಳು. ಗಂಜಿ ಹಾಕಿದಳು. ಒಲೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆಯಿಂದ ಮಡಿಕೆ ಮಡಿಕೆಯನ್ನೂ ತೀಡಿದಳು. ಸೋಮವಾರ ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಶೆರೀಫನ ಹತ್ತಿರ ಹೋಗಬೇಕು. ಕೋರ್ಟು ಕಟ್ಟಡದೊಳಗೆ ಹೋಗುವಾಗ ಮಗಳ ಮೈಮೇಲೆ ಒಂದು ಸುಕ್ಕೂ ಇರಬಾರದು. ಕೊಳಕಾಗಿ ಹೋದರೆ ಇವರು ಇರುವುದೇ ಹೀಗೆ ಅನ್ನುತ್ತಾರೆ. ಇಡೆಲ್ಲಾಳ ತಾಯಿ ಹೇಳಿಕೊಟ್ಟದ್ದು ಅದನ್ನೇ. ಆ ತಾಯಿಗೆ ಅವಳ ತಾಯಿ. ಇಷ್ಟು ಕಾಲ ಈ ಹೆಂಗಸರು ಬಟ್ಟೆಯ ಮೇಲೆ ಮಾನ ಇಟ್ಟುಕೊಂಡು ಬದುಕಿದ್ದರು, ಬೇರೆ ಎಲ್ಲಿ ಇಟ್ಟರೂ ಯಾರಾದರೂ ಕಿತ್ತುಕೊಳ್ಳುತ್ತಿದ್ದರು.

ನ್ಯಾಯ ಸಿಕ್ಕಿತು ಅನ್ನುವ ಮಾತು ಈ ಕಥೆಯಲ್ಲಿ ಎಲ್ಲೂ ಬರುವುದಿಲ್ಲ. ಅದಕ್ಕಾಗಿ ಯಾರೂ ಕಾಯುವುದು ಬೇಡ.

ಶೆರೀಫ್ ಕಾಲು ಮೇಜಿನ ಮೇಲಿಟ್ಟುಕೊಂಡು ಕೇಳಿದ. ಪೂರ್ತಿ ಕೇಳಿದ, ಅದನ್ನು ಒಪ್ಪಬೇಕು. ಕೊನೆಗೆ ಹಲ್ಲುಕಡ್ಡಿ ತೆಗೆದು, "ಅವತ್ತು ಯಾವ ಬಟ್ಟೆ ಹಾಕಿದ್ಲು?" ಅಂದ.

"ಇದೇ ಸಾರ್. ಮೈಮೇಲಿದೆಯಲ್ಲ, ಇದೇ," ಎಂದಳು ಇಡೆಲ್ಲಾ.

ಅವನು ಎದ್ದು ಬಂದ. ವೀನಿಯ ಫ್ರಾಕಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ವೀನಿ ಕಣ್ಣು ಮುಚ್ಚಿದಳು.

"ಹರಿದಿದೆ ಅಂದ್ಯಲ್ಲ ಆಂಟಿ, ಎಲ್ಲಿ?"

"ಹೊಲಿದೆ ಸಾರ್."

"ರಕ್ತ ಅಂದೆ?"

"ಒಗೆದೆ ಸಾರ್."

ಶೆರೀಫ್ ತನ್ನ ಸಹಾಯಕನ ಕಡೆ ತಿರುಗಿದ. "ನೋಡೋ, ಎಂಥ ಗಂಜಿ ಹಾಕಿದಾಳೆ. ನಿಂತ್ಕೊಳ್ಳೋ ಹಂಗಿದೆ. ನನ್ ಹೆಂಡ್ತಿಗೆ ಹೇಳ್ಬೇಕು, ನಮ್ಮನೆ ಬಟ್ಟೇನೂ ಈ ಆಂಟಿಗೇ ಕೊಡು ಅಂತ." ಇಬ್ಬರೂ ನಕ್ಕರು. "ಇದು ಮದುವೆಗೆ ಹೋಗೋ ಫ್ರಾಕು ಕಣೆ. ಇದ್ರಲ್ಲಿ ನಂಗೇನೂ ಕಾಣಿಸ್ತಿಲ್ಲ. ಮನೆಗೆ ಹೋಗಿ."

ಆಗ ಇಡೆಲ್ಲಾಳಿಗೆ ತಿಳಿಯಿತು. ಮೆಟ್ಟಿಲು ಇಳಿಯುವಾಗ ಅವಳು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ಸಾಬೂನು ತಿಂದು ಬೆರಳ ತುದಿಯ ಗೆರೆಗಳೇ ಸವೆದಿದ್ದ ಕೈಗಳು. ಮಗಳ ಪಾಲಿಗಿದ್ದ ಒಂದೇ ಸಾಕ್ಷಿಯನ್ನು ಈ ಕೈಗಳೇ ಉಪ್ಪುನೀರಲ್ಲಿ ನೆನೆಸಿ, ಉಜ್ಜಿ, ಜಾಲಿಸಿ, ಹಿಂಡಿ, ತಂತಿಗೆ ಹಾಕಿದ್ದವು. ದಾರಿಯುದ್ದಕ್ಕೂ ಅವಳು ಏನೋ ಹೇಳಲು ಹೊರಟಳು. ವೀನಿ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಮನೆಯ ಜಗಲಿಯ ಮೇಲೆ ಬಟ್ಟೆಯ ಗಂಟೊಂದು ಕೂತಿತ್ತು. ಸೋಮವಾರವಲ್ಲವೇ, ಟಾರ್ವರ್ ಮನೆಯ ಕೊಳೆಬಟ್ಟೆ ಬರುವ ದಿನ.

ಬಿಚ್ಚಿದಳು. ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಗಂಡಸರ ಒಳಚಡ್ಡಿ. ಅವುಗಳ ನಡುವೆ ರಾಯ್ಸನ ಬಿಳಿ ಅಂಗಿ. ಬಲತೋಳಿನ ಮಣಿಕಟ್ಟಿನಿಂದ ಮೊಣಕೈವರೆಗೆ ರಕ್ತ ಹರಿದು ಒಣಗಿತ್ತು. ಎದೆಯ ಮೇಲೆ ಕೆಂಪು ಮಣ್ಣು. ಅವನು ಅದನ್ನು ಸುಡಲಿಲ್ಲ, ಹೂಳಲಿಲ್ಲ, ಕೆರೆಗೆ ಎಸೆಯಲಿಲ್ಲ. ಮುಚ್ಚಿಡುವ ಗೊಡವೆಗೇ ಹೋಗಿರಲಿಲ್ಲ. ಮಗಳನ್ನು ಕೆಡವಿದ ಅಂಗಿಯನ್ನು ಒಗೆದುಕೊಡು ಎಂದು ತಾಯಿಗೇ ಕಳಿಸಿದ್ದ. ಬೇಕೆಂದು ಮಾಡಿದ್ದೂ ಅಲ್ಲ. ಕೊಳೆಯಾದರೆ ಇಡೆಲ್ಲಾಳ ಮನೆಗೆ ಹೋಗುತ್ತದೆ, ಶನಿವಾರ ಬೆಳ್ಳಗಾಗಿ ಬರುತ್ತದೆ. ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಕೈ ಮತ್ತೆ ಬಕೆಟ್ಟಿನ ಕಡೆ ಹೋಯಿತು. ಈ ಸಲ ಇಡೆಲ್ಲಾ ಕೈಯನ್ನು ಎಳೆದುಕೊಂಡಳು. ಅಂಗಿಯನ್ನು ಮಡಿಸದೆ ಹಾಗೇ ಸುತ್ತಿ ಜೋಳದ ಹಿಟ್ಟಿನ ಖಾಲಿ ಚೀಲದಲ್ಲಿ ಹಾಕಿ, ಮಂಚದ ಕೆಳಗೆ ಹಿಂದಕ್ಕೆ ತಳ್ಳಿದಳು.

ಗುರುವಾರ, ಸುದ್ದಿ ಕೇಳಿ, ಮಾಂಟ್ಗೊಮರಿಯಿಂದ ಮಿಸ್ ಆರ್ಜುಲಾ ಟೇಟ್ ಬಂದಳು. ಕೂದಲಿಗೆ ಹಚ್ಚುವ ಎಣ್ಣೆಯನ್ನು ಊರೂರಿಗೆ ಒಯ್ದು ಮಾರುವವಳು. ಹಳೆಯ ಕಾರು, ಮಾದರಿ ಡಬ್ಬಿಗಳ ಪೆಟ್ಟಿಗೆ. ಆ ಡಬ್ಬಿಗಳ ತಳದಲ್ಲಿ ಕಾಗದಗಳಿದ್ದವು: ಕಪ್ಪು ಜನರ ಹಕ್ಕಿನ ಸಂಘಕ್ಕಾಗಿ ಅವಳು ಬರೆದುಕೊಂಡ ಹೇಳಿಕೆಗಳು. ದಾರಿಯಲ್ಲಿ ಪೊಲೀಸರು ತಡೆದರೆ ಎಣ್ಣೆಯ ವಾಸನೆಗೆ ಮುಖ ಕಿವಿಚಿ ಬಿಟ್ಟುಬಿಡುತ್ತಿದ್ದರು.

"ಮಿಸೆಸ್ ರಕರ್, ಒಳಗೆ ಬರ್ಲಾ?" ಎಂದಳು ಬಾಗಿಲಲ್ಲಿ ನಿಂತು.

ಇಡೆಲ್ಲಾ ತಿರುಗಿ ನೋಡಿದಳು, ಹಿಂದೆ ಯಾರೋ ಇರಬೇಕೆಂದು. ಅವಳು ನಲವತ್ತರವರೆಗೆ ಬಿಳಿಯರ ಬಾಯಲ್ಲಿ 'ಏ ಹುಡುಗಿ' ಆಗಿದ್ದಳು. ನಲವತ್ತು ದಾಟಿದ ಮೇಲೆ 'ಆಂಟಿ' ಆದಳು. ನಡುವೆ ಒಂದು ದಿನವೂ ಮಿಸೆಸ್ ಆಗಿರಲಿಲ್ಲ.

ವೀನಿ ಹೇಳಿದ್ದನ್ನೆಲ್ಲ ಆರ್ಜುಲಾ ಬರೆದುಕೊಂಡಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ನಡುನಡುವೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದಳು, ಹುಡುಗಿ ಮತ್ತೆ ಬಾಯಿ ತೆರೆಯುವವರೆಗೆ. ಆಮೇಲೆ ಫ್ರಾಕು ಕೇಳಿದಳು. ಇಡೆಲ್ಲಾ ತಂದು ಕೊಟ್ಟಳು. ಆರ್ಜುಲಾ ಆ ಗಂಜಿಯ ಮೇಲೆ ಕೈಯಾಡಿಸಿ, ಹರಿದು ಹೊಲಿದ ಜಾಗ ಹುಡುಕಿದಳು.

"ಬೈದ್ಬಿಡಮ್ಮ, ಬೈದ್ರೆ ಚೆನ್ನಾಗಿರುತ್ತೆ," ಎಂದಳು ಇಡೆಲ್ಲಾ.

"ಹೆಂಗೆ ಬೈಯ್ಲಿ ಮಿಸೆಸ್ ರಕರ್? ಈ ಮೂರು ವರ್ಷದಲ್ಲಿ ಹನ್ನೊಂದು ಮನೆಗೆ ಹೋಗಿದೀನಿ. ಒಂಬತ್ತು ಮನೇಲಿ ನಾನು ಹೋಗೋ ಹೊತ್ತಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಟ್ಟಿದ್ರು. ನಮ್ಮಮ್ಮ ಇದ್ದಿದ್ರೂ ಹಂಗೇ ಮಾಡ್ತಿದ್ಲು."

ಇಡೆಲ್ಲಾ ಮಂಚದ ಕೆಳಗೆ ಬಗ್ಗಿ ಚೀಲ ಎಳೆದಳು. ಅಂಗಿಯನ್ನು ನೋಡಿ ಆರ್ಜುಲಾ ಎದ್ದು ನಿಂತುಬಿಟ್ಟಳು. ಅಂಗಿಯ ಕೆಳ ಅಂಚಿನೊಳಗೆ ಕೆಂಪು ನೂಲಿನ ಮೂರು ಹೊಲಿಗೆ. ಯಾರ ಮನೆಯ ಬಟ್ಟೆ ಯಾವುದು ಎಂದು ತಿಳಿಯಲು ಇಡೆಲ್ಲಾ ಹಾಕುವ ಗುರುತು. ಟಾರ್ವರ್ ಮನೆಗೆ ಕೆಂಪು, ಮೂರು.

"ಇದನ್ನ ಯಾರಿಗೂ ಕೊಡ್ಬೇಡಿ. ಜ್ಯೂರಿ ಮುಂದೆ ತೋರಿಸೋವರೆಗೂ ಕೊಡ್ಬೇಡಿ."

"ತೋರಿಸಿದ್ರೆ ಏನಾಗುತ್ತೆ?"

ಆರ್ಜುಲಾ ಸುಳ್ಳು ಹೇಳುವ ಹೆಂಗಸಲ್ಲ. "ಗೊತ್ತಿಲ್ಲ," ಅಂದಳು.

ಮರುವಾರ ಟಾರ್ವರ್ ಮನೆಯ ಕಾರು ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯಿತು. ಮಿಸೆಸ್ ಟಾರ್ವರ್ ಕೆಳಗಿಳಿಯಲಿಲ್ಲ. ಇಡೆಲ್ಲಾ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡು ಹೋಗಿ ನಿಂತಳು.

"ಆಂಟಿ, ರಾಯ್ಸನ ಒಂದು ಬಿಳಿ ಅಂಗಿ ಬಂದಿಲ್ಲ."

"ಇದೆ ಅಮ್ಮಾವ್ರೇ."

"ಇದ್ರೆ ಕೊಡು ಮತ್ತೆ."

"ಒಗೆದಿಲ್ಲ ಅಮ್ಮಾವ್ರೇ. ಅದ್ರಲ್ಲಿ ಕಲೆ ಇದೆ."

"ಕಲೆ ತೆಗೆಯೋಕಲ್ವೇನೇ ನಿನ್ನ ಇಟ್ಟಿರೋದು? ಎಂಥ ಕಲೆ?"

ಮೂವತ್ತು ವರ್ಷ ಅವಳು ಆ ಮುಖವನ್ನು ನೇರ ನೋಡಿರಲಿಲ್ಲ. ಈಗ ನೋಡಿದಳು. "ನಿಮ್ಮ ಮಗನ್ನ ಕೇಳಿ," ಅಂದಳು.

ಕಾರಿನ ಗಾಜು ಮೇಲೇರಿತು. ಆ ವಾರದಿಂದ ಇಡೆಲ್ಲಾಳ ಜಗಲಿಗೆ ಯಾರ ಮನೆಯ ಗಂಟೂ ಬರಲಿಲ್ಲ. ಚರ್ಚಿನಲ್ಲಿ ಕೆಲವರು ಅವಳ ಕೈ ಹಿಡಿದು ಅತ್ತರು. ಕೆಲವರು ಬೆಂಚು ಬದಲಿಸಿದರು. ತಾಯಿ ಮಗಳು ಅಲಸಂದೆ ಬೇಯಿಸಿಕೊಂಡು, ಗೆಣಸು ಸುಟ್ಟುಕೊಂಡು ನವೆಂಬರ್ ನೂಕಿದರು. ವೀನಿ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಳು.

ಆರ್ಜುಲಾ ಬರೆದ ಹೇಳಿಕೆಗಳ ಒತ್ತಡಕ್ಕೆ ಕೊನೆಗೆ ವಿಷಯ ಜ್ಯೂರಿಯ ಮುಂದೆ ಬಂತು. ಮೊಕದ್ದಮೆ ನಡೆಸಬೇಕೋ ಬೇಡವೋ ಎಂದು ತೀರ್ಮಾನಿಸುವ ಆ ಜ್ಯೂರಿಯಲ್ಲಿ ಹದಿನೆಂಟು ಗಂಡಸರು ಕೂತಿದ್ದರು. ಹದಿನೆಂಟೂ ಬಿಳಿ. ಅವರಲ್ಲಿ ಏಳು ಜನರ ಒಳಬಟ್ಟೆ ಇಡೆಲ್ಲಾಳ ಹಂಡೆಯಲ್ಲಿ ಕುದಿದಿತ್ತು. ಯಾರ ಬಟ್ಟೆಯಲ್ಲಿ ಏನಿರುತ್ತದೆ ಎಂಬುದು ಅವಳಿಗೆ ಅವರ ಹೆಂಡಿರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಅವಳನ್ನು ನೋಡಲಿಲ್ಲ. ಬಟ್ಟೆ ಒಗೆಯುವವಳನ್ನು ಯಾರೂ ನೋಡುವುದಿಲ್ಲ.

ಮೊದಲು ವೀನಿಯನ್ನು ಕರೆದರು. ಎಷ್ಟು ಜನ ಹುಡುಗರ ಜೊತೆ ತಿರುಗುತ್ತೀಯ ಎಂದು ಕೇಳಿದರು. ಕೂಗಿದೆಯಾ ಎಂದರು. ಬಾಯಿ ಮುಚ್ಚಿದ್ದರೆ ಕೂಗುವುದು ಹೇಗೆ ಎಂದಳು. ಮತ್ತೆ ಕಚ್ಚಿದೆ ಅಂತೀಯಲ್ಲ, ಬಾಯಿ ತೆರೆದಿತ್ತಲ್ಲ ಎಂದರು. ಹನ್ನೊಂದು ನಿಮಿಷ.

ಆಮೇಲೆ ಇಡೆಲ್ಲಾ ಹೋದಳು. ಸರ್ಕಾರಿ ವಕೀಲ ಅಂಗಿಯನ್ನು ಮೇಜಿನ ಮೇಲೆ ಹರವಿಸಿದ.

"ಇದು ಯಾರದು?"

"ರಾಯ್ಸ್ ಟಾರ್ವರ್ ಅವರದು ಸಾರ್. ಅಂಚು ನೋಡಿ, ಕೆಂಪು ಹೊಲಿಗೆ ಮೂರು. ನನ್ ಕೈದೇ. ನನ್ ಮಗಳು ಕಚ್ಚಿದ ರಕ್ತ ಇದು. ಅವರ ಕೈಗೆ ಇನ್ನೂ ಪಟ್ಟಿ ಇದೆ, ನೋಡಿ ಬೇಕಾದ್ರೆ."

"ಪಟ್ಟಿ ಯಾಕೆ ಅಂತ ಅವರು ಆಗ್ಲೇ ಹೇಳಿದಾರೆ. ಗಿರಣಿ ಯಂತ್ರದ ಹಲ್ಲಿಗೆ ಕೈ ಸಿಕ್ಕಿದ್ದು. ಅದಿರ್ಲಿ. ಅಂಗಿ ಅವರದು ಅಂತ ಒಪ್ಕೊಂಡೆ?"

"ಹೂಂ ಸಾರ್."

"ಒಗೆಯೋಕೆ ಅಂತ ಕೊಟ್ಟಿದ್ರು?"

"ಹೂಂ."

"ವಾಪಸ್ ಕೇಳಿದ್ರು?"

"ಕೇಳಿದ್ರು."

"ಕೊಟ್ಯಾ?"

ಇಡೆಲ್ಲಾಳಿಗೆ ಅವನು ಎಲ್ಲಿಗೆ ಹೋಗುತ್ತಿದ್ದಾನೆಂದು ಗೊತ್ತಾಯಿತು. ಗೊತ್ತಾಗಿಯೂ ಸುಳ್ಳು ಹೇಳಲು ಅವಳಿಗೆ ಬರಲಿಲ್ಲ. "ಇಲ್ಲ," ಅಂದಳು.

"ಇದಕ್ಕೆ ಕಾನೂನಲ್ಲಿ ಒಂದು ಹೆಸರಿದೆ," ಎಂದ ವಕೀಲ ಹದಿನೆಂಟು ಜನರ ಕಡೆ ತಿರುಗಿ. ಯಾರೋ ಒಬ್ಬ ಕೆಮ್ಮಿದ. ಮತ್ತೊಬ್ಬ ನಕ್ಕ. ರಾಯ್ಸನ ಮೇಲೆ ಮೊಕದ್ದಮೆ ಬೇಡ ಎಂದು ತೀರ್ಮಾನಿಸಲು ಅವರಿಗೆ ಒಂದು ಸಿಗರೇಟು ಸೇದುವಷ್ಟು ಹೊತ್ತು ಹಿಡಿಯಿತು. ಇಡೆಲ್ಲಾಳನ್ನು ಅದೇ ಕಟ್ಟಡದ ಮೆಟ್ಟಿಲ ಮೇಲೆ ಹಿಡಿದರು. ಅಂಗಿ ಕದ್ದದ್ದಕ್ಕೆ ಆರು ತಿಂಗಳು.

ಜೈಲಿನಲ್ಲಿ ಹೆಂಗಸರಿಗೆ ಕೆಲಸವೆಂದರೆ ಒಗೆಯುವುದು. ಕೈದಿಗಳ ಪಟ್ಟೆಪಟ್ಟೆಯ ಬಟ್ಟೆ, ಕಾವಲಿನವರ ಸಮವಸ್ತ್ರ, ಆಸ್ಪತ್ರೆಯ ಹಾಸಿಗೆ. ತಗಡಿನ ಕೊಟ್ಟಿಗೆ, ಎರಡು ಕಬ್ಬಿಣದ ಹಂಡೆ, ಐದು ಹೆಂಗಸರು. ಜನವರಿಯ ಚಳಿಯಲ್ಲಿ ಬೆರಳು ಸೀಳಿ ಸಾಬೂನಿನ ಕ್ಷಾರ ಒಳಗಿಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕಳ್ಳಭಟ್ಟಿ ಕಾಯಿಸಿದ್ದಕ್ಕೆ ಬಂದಿದ್ದ ಮುದುಕಿ ಓಜಿ, ಧಣಿಯ ತೊಡೆಗೆ ಚಾಕು ಹಾಕಿ ಬಂದಿದ್ದ ಡೆಲ್ಸಿ, ಇನ್ನಿಬ್ಬರು ಅಕ್ಕತಂಗಿಯರು, ಇಡೆಲ್ಲಾ. ಕಾಯಲು ಕ್ಯಾಪ್ಟನ್ ಸ್ಟ್ರಿಂಗರ್ ಎಂಬ ಬಿಳಿಯ.

"ಹೊರಗೂ ಒಗೆದೆ, ಒಳಗೂ ಒಗೀತಿದೀಯ," ಎಂದಳು ಓಜಿ ಮೊದಲ ದಿನ. "ನಿಂಗೆ ಶಿಕ್ಷೆ ಯಾವುದೇ ಇದ್ರಲ್ಲಿ?"

ಇಡೆಲ್ಲಾ ನಕ್ಕಳು. ಅಕ್ಟೋಬರಿನಿಂದ ಅದೇ ಮೊದಲ ನಗು.

ಆರ್ಜುಲಾ ಸುಮ್ಮನಿರಲಿಲ್ಲ. ಚಿಕಾಗೋದ ಕಪ್ಪು ಜನರ ಪತ್ರಿಕೆಯೊಂದು ಅಂಗಿಯ ಸಂಗತಿಯನ್ನು ಅಚ್ಚು ಹಾಕಿತು. ಪತ್ರಿಕೆ ರೈಲಿನಲ್ಲಿ, ಮಡಿಕೆಯೊಳಗೆ ಮಡಿಕೆಯಾಗಿ ಅಲಬಾಮಾಗೆ ಬಂತು. ರಾಯ್ಸನಿಗೆ ಮೊಬೀಲ್ ಊರಿನ ಹುಡುಗಿ ನಿಶ್ಚಯವಾಗಿದ್ದಳು, ಏಪ್ರಿಲಿನಲ್ಲಿ ಮದುವೆ. ಆ ಹುಡುಗಿಯ ಮನೆಯವರಿಗೂ ಯಾರೋ ಅದನ್ನು ತೋರಿಸಿದರು. ಮಿಸೆಸ್ ಟಾರ್ವರ್ ಎಲ್ಲರಿಗೂ ಒಂದೇ ಮಾತು ಹೇಳುತ್ತಾ ಹೋದಳು: ಎಣ್ಣೆ, ತುಕ್ಕು, ಗಿರಣಿಯ ಕೊಳೆ. ಒಗೆದರೆ ಹೋಗುವಂಥದ್ದು. ಒಗೆಸಿ ಕಳಿಸುತ್ತೇನೆ, ನೀವೇ ನೋಡಿ.

ಹಾಗಾಗಿ ಒಂದು ಶುಕ್ರವಾರ ಶೆರೀಫನೇ ಕೊಟ್ಟಿಗೆಗೆ ಬಂದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಅಂಗಿ.

"ಆಂಟಿ, ಈ ಜಿಲ್ಲೇಲಿ ನಿನ್ನಷ್ಟು ಚೆನ್ನಾಗಿ ಕಲೆ ತೆಗೆಯೋರು ಇಲ್ವಂತೆ. ಟಾರ್ವರ್ ಅಮ್ಮಾವ್ರೇ ಹೇಳಿದ್ರು." ಅವನ ದನಿಯಲ್ಲಿ ಬೆಣ್ಣೆಯಿತ್ತು. "ಇದೊಂದನ್ನ ಬೆಳ್ಳಗೆ ಮಾಡ್ಕೊಡು. ಉಳಿದ ನಾಲ್ಕು ತಿಂಗಳು ಮಾಫಿ. ಮಂಗಳವಾರ ಮಗಳ ಜೊತೆ ಮನೇಲಿರ್ತೀಯ. ಬಾಯಲ್ಲಿ ಹೇಳ್ತಿಲ್ಲ, ಬರೆದು ಕೊಡ್ತೀನಿ. ಸೋಮವಾರದವರೆಗೂ ಯೋಚನೆ ಮಾಡು."

ಮಾಡಲು ಸಾಧ್ಯವಿತ್ತು. ಅದೇ ಅವಳನ್ನು ಕಾಡಿದ್ದು. ಮೂರು ತಿಂಗಳು ದಾಟಿದ ರಕ್ತವನ್ನೂ ಅವಳು ತೆಗೆಯಬಲ್ಲಳು. ತಣ್ಣೀರು, ಉಪ್ಪು, ಒಂದು ದಿನ ನೆನೆಹಾಕಿ, ಮೂರು ಸಲ ನೀರು ಬದಲಿಸಿ, ನಿಂಬೆರಸ ಹಚ್ಚಿ ಎಳೆಬಿಸಿಲಿಗೆ ಹರವಿದರೆ ಕಲೆ ಇದ್ದ ಜಾಗವೂ ಕಾಣದು. ಅವಳಿಗೆ ಮನೆ ಬೇಕಿತ್ತು. ಮಗಳು ಬೇಕಿತ್ತು. ಆ ಮನೆಯಲ್ಲಿ ಒಬ್ಬಳೇ ಬಾಗಿಲಿಗೆ ಮರದ ಹಲಗೆ ಕೊಟ್ಟು ಮಲಗುವ ಮಗಳು. ಎರಡು ರಾತ್ರಿ ಯೋಚಿಸಿ, ಒಗೆದುಬಿಡುವುದೇ ಸರಿ ಎಂದು ಅವಳು ತೀರ್ಮಾನಿಸಿದಳು. ಅದನ್ನು ಇಲ್ಲಿ ಮುಚ್ಚಿಟ್ಟರೆ ಈ ಕಥೆ ಸುಳ್ಳಾಗುತ್ತದೆ.

ಭಾನುವಾರ ವೀನಿ ನೋಡಲು ಬಂದಳು. ತಂತಿ ಬಲೆಯ ಆಚೆ ಬೆಂಚು, ಈಚೆ ಬೆಂಚು. ವೀನಿ ಜೋಳದ ರೊಟ್ಟಿ ತಂದಿದ್ದಳು. ಕಾವಲಿನವ ಅದನ್ನು ಮುರಿದು ಮುರಿದು ನೋಡಿ ಪುಡಿ ಮಾಡಿ ಕೊಟ್ಟ.

"ಊಟ ಮಾಡ್ತಿದೀಯೇನೇ?"

"ಹೂಂ."

"ಹಾಡ್ತಿದೀಯಾ?"

ವೀನಿ ಬೆಂಚಿನ ಮೇಲೆ ಉದುರಿದ ರೊಟ್ಟಿಯ ಪುಡಿಯನ್ನು ಒಟ್ಟುಮಾಡಿದಳು. ಇಡೆಲ್ಲಾ ಶೆರೀಫನ ಮಾತನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. "ಮಂಗಳವಾರ ಬಂದ್ಬಿಡ್ಬಹುದು ಕಣೆ. ಹೆಂಗೂ ಜ್ಯೂರಿ ಮುಗೀತು. ಆ ಅಂಗಿಯಿಂದ ಇನ್ನೇನೂ ಆಗಲ್ಲ. ಒಗೆದು ಬಿಸಾಕಿ ಬಂದ್ಬಿಡ್ಲಾ?"

ಹೂಂ ಅನ್ನು, ಹೂಂ ಅನ್ನು ಎಂದು ಅವಳ ಒಳಗೆ ಬೇಡಿಕೊಳ್ಳುತ್ತಿತ್ತು.

ವೀನಿ ತಾಯಿಯ ಬೆರಳುಗಳನ್ನೇ ನೋಡಿದಳು. "ಒಂದ್ಸಲ ಒಗೆದಾಯ್ತಲ್ಲವ್ವ," ಅಂದಳು.

ಫ್ರಾಕಿನ ಮಾತು ಇಬ್ಬರ ನಡುವೆ ಬಂದದ್ದು ಅದೇ ಮೊದಲು. ಸಿಟ್ಟಿನಿಂದ ಹೇಳಿದ್ದಲ್ಲ. ಭೇಟಿ ಮುಗಿಯುವವರೆಗೂ ಇಡೆಲ್ಲಾ ಬಲೆಯ ತಂತಿ ಹಿಡಿದು ಅತ್ತಳು. ಮಗಳು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಕ್ಯಾಪ್ಟನ್ ಸ್ಟ್ರಿಂಗರ್ ಅಂಗಿಯನ್ನು ಅವಳ ಮುಂದಿನ ಹಲಗೆಯ ಮೇಲೆ ಎಸೆದ. "ಶುರು ಮಾಡು."

ಇಡೆಲ್ಲಾ ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡಳು. "ಇದನ್ನ ನಾನು ಒಗೆಯಲ್ಲ ಸಾರ್."

"ಏನಂದೆ?"

"ಇದನ್ನ ಒಗೆಯಲ್ಲ. ಬೇರೆ ಏನು ಬೇಕಾದ್ರೂ ಕೊಡಿ. ನಿಮ್ಮ ಪಾಯಿಖಾನೆ ಬಟ್ಟೆ ಕೊಡಿ, ಒಗೀತೀನಿ. ಇದನ್ನ ಒಗೆಯಲ್ಲ."

ಅವನು ಹೊಡೆದ. ಕೆನ್ನೆಯ ಮೇಲೆ, ಬೆರಳು ಮಡಿಸಿ. ಅವಳು ತೊಟ್ಟಿಯ ಮೇಲೆ ಬಿದ್ದು ಎದ್ದಳು. ಕೈ ಮತ್ತೆ ಹಿಂದಕ್ಕೆ ಹೋಯಿತು. ಬಾಯಿಂದ ರಕ್ತ ಬಂತು, ಒರೆಸಿಕೊಳ್ಳಲಿಲ್ಲ.

"ನೀನು ಬಾರೇ," ಎಂದು ಅವನು ಓಜಿಯನ್ನು ಕರೆದ.

"ನಂಗೆ ಕಣ್ಣು ಕಾಣಲ್ಲ ಸ್ವಾಮಿ," ಎಂದಳು ಓಜಿ. "ಕಲೆ ಯಾವುದು ಬಟ್ಟೆ ಯಾವುದು ಅಂತ್ಲೇ ತಿಳಿಯಲ್ಲ." ಹಿಂದಿನ ದಿನವಷ್ಟೇ ಅವಳು ದಾರದ ತುದಿಯನ್ನು ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದ್ದಳು.

ಅಕ್ಕತಂಗಿಯರ ಮುಂದೆ ಅಂಗಿ ಹಿಡಿದ. ದೊಡ್ಡವಳು ಕೈ ಚಾಚಿ ತೆಗೆದುಕೊಂಡು, ನೋಡಿ, ನೆಲಕ್ಕೆ ಬಿಟ್ಟಳು. ಚಿಕ್ಕವಳೂ ಬಗ್ಗಿ ಎತ್ತಲಿಲ್ಲ. ಬಾಕಿ ಉಳಿದದ್ದು ಡೆಲ್ಸಿ.

"ನಿಂಗೇನೇ ನೆಪ?"

"ನೆಪ ಇಲ್ಲ ಕ್ಯಾಪ್ಟನ್." ಡೆಲ್ಸಿ ಸೌದೆಯ ರಾಶಿಯಿಂದ ಎದ್ದಳು. "ನಾನು ಹದಿಮೂರು ವರ್ಷದವಳಿದ್ದಾಗ ನಮ್ಮವ್ವ ನನ್ ಲಂಗ ಒಗೆದ್ಲು. ಅದೇ ಕೊನೆ. ಅಂಥದ್ದನ್ನ ನಮ್ಮ ಕಡೆಯೋರು ಇನ್ನು ಒಗೆಯಲ್ಲ."

ಕ್ಯಾಪ್ಟನ್ನನಿಗೆ ಐವರನ್ನೂ ಹೊಡೆಯುವಷ್ಟು ಪುರುಸೊತ್ತಿರಲಿಲ್ಲ. ಮಂಗಳವಾರದೊಳಗೆ ಅಂಗಿ ಟಾರ್ವರ್ ಮನೆ ಸೇರಬೇಕಿತ್ತು. "ನಿಮ್ಮ ಅವ್ವಂದಿರ! ಇದೇನು ಬ್ರಹ್ಮವಿದ್ಯೇನಾ?" ಎಂದು ಅಂಗಿಯನ್ನು ನೆಲದಿಂದ ಎತ್ತಿದ. ಸೋಪಿನ ಪುಡಿ ಎರಡು ಹಿಡಿ ಸುರಿದ. ಮರದ ಕೋಲಿಂದ ಅಂಗಿಯನ್ನು ಚುಚ್ಚಿ, ಕುದಿಯುವ ಹಂಡೆಯೊಳಗೆ ಅದ್ದಲು ಹೋದ.

ಐವರಿಗೂ ಗೊತ್ತಿತ್ತು. ಒಗೆಯುವ ಯಾವ ಹೆಂಗಸಿಗಾದರೂ ಗೊತ್ತಿರುವ ಸಂಗತಿ ಅದು. ಬೇರೆ ದಿನವಾಗಿದ್ದರೆ ಐದು ಬಾಯಿ ಒಟ್ಟಿಗೆ ಕೂಗುತ್ತಿದ್ದವು: ಅಯ್ಯೋ ಬಿಸಿನೀರು ಬೇಡ. ಇಡೆಲ್ಲಾಳ ನಾಲಗೆಯ ತುದಿಯವರೆಗೂ ಬಂತು, ಅಭ್ಯಾಸ. ಅವಳು ಹಲ್ಲು ಕಚ್ಚಿದಳು. ಓಜಿ ಮೇಲಿನ ತಗಡು ನೋಡಿದಳು. ಅಂಗಿ ಮುಳುಗಿತು.

ಅವನು ಕಾಲು ಗಂಟೆ ತಿರುವಿದ. ಬೆವರು ಒರೆಸಿಕೊಂಡು ಮೇಲೆತ್ತಿದ. ಅಂಗಿ ಹಾಲಿನಷ್ಟು ಬೆಳ್ಳಗಾಗಿತ್ತು. ಮಣಿಕಟ್ಟಿನಿಂದ ಮೊಣಕೈವರೆಗಿನ ಕಲೆ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಅಂಚು ಅಂಚಾಗಿ ಎದ್ದು ಕಂಡಿತು. ಮತ್ತೆ ಅದ್ದಿದ. ಮತ್ತೆ ಎತ್ತಿದ. ಕಲೆ ಇನ್ನೂ ಗಾಢವಾಯಿತು.

"ಯಾಕೆ ಹೋಗ್ತಿಲ್ಲ ಇದು?"

ಆಗ ಇಡೆಲ್ಲಾ ಬಾಯಿ ತೆರೆದಳು. ತುಟಿ ಊದಿ ಮಾತು ತೊದಲಿತು.

"ರಕ್ತನ ಬಿಸಿನೀರಿಗೆ ಹಾಕಿದ್ರಿ ಸಾರ್. ಬೆಂದೋಯ್ತು. ಇನ್ನು ದೇವ್ರೇ ಬಂದು ಒಗೆದ್ರೂ ಅದು ಹೋಗಲ್ಲ."

ಐವರಿಗೂ ಶಿಕ್ಷೆಯಾಯಿತು. ಉಳಿದ ನಾಲ್ವರಿಗೆ ಎರಡೆರಡು ತಿಂಗಳು ಹೆಚ್ಚು. ಇಡೆಲ್ಲಾಳಿಗೆ ಇನ್ನೊಂದು ವರ್ಷ, ಜೊತೆಗೆ ಎದ್ದು ನಿಲ್ಲಲಾಗದ ತಗಡಿನ ಪೆಟ್ಟಿಗೆಯಲ್ಲಿ ಒಂಬತ್ತು ದಿನ. ಅಂಗಿಯನ್ನು ಅದೇ ಹಂಡೆಯ ಒಲೆಗೆ ತುರುಕಿದರು. ಹಸಿ ಬಟ್ಟೆ, ಹೊಗೆಯಾಡಿ ನಿಧಾನಕ್ಕೆ ಉರಿಯಿತು. ಟಾರ್ವರ್ ಮನೆಗೆ ಅಂಥದ್ದೇ ಹೊಸ ಅಂಗಿ ಕೊಂಡು ಕಳಿಸಿದರು. ಮೊಬೀಲಿನವರು ಅದನ್ನು ನೋಡಿ ಒಪ್ಪಿದರು. ಮದುವೆ ಏಪ್ರಿಲಿನಲ್ಲೇ ನಡೆಯಿತು.

ಪೆಟ್ಟಿಗೆಯಿಂದ ಹೊರಗೆ ಬಂದ ಮೇಲಿನ ಭಾನುವಾರ ವೀನಿ ಬಂದಳು. ತಾಯಿಯ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಎಲ್ಲವನ್ನೂ ಕೇಳಿದಳು. ಇನ್ನೊಂದು ವರ್ಷ ಎಂದಾಗ ಕಣ್ಣು ಮುಚ್ಚಿ ತೆಗೆದಳು, ಅಷ್ಟೇ.

"ತಪ್ಪು ಮಾಡಿದ್ನೇನೇ?" ಎಂದಳು ಇಡೆಲ್ಲಾ.

"ಇಲ್ಲವ್ವ." ವೀನಿ ಬಲೆಯ ಹತ್ತಿರಕ್ಕೆ ಬಂದಳು. "ನಾನೀಗ ಹೋಗ್ಬೇಕು. ಮಿಸ್ ಆರ್ಜುಲಾ ಹೊರಗೆ ಕಾರಲ್ಲಿದಾರೆ. ಕ್ಲೇಟನ್‌ವಿಲ್ ದಾರೀಲಿ ಒಬ್ಳು ಹುಡುಗಿ. ಹದಿನೇಳು ವರ್ಷ. ಬೆಳಿಗ್ಗೆ ಸುದ್ದಿ ಬಂತು, ನಿನ್ನೆ ಸಂಜೆ ಆಗಿದ್ದಂತೆ."

"ಅಯ್ಯೋ."

"ಅವಳ ಅವ್ವನೂ ಬಟ್ಟೆ ಒಗೆಯೋಳೇ. ಹಂಡೆಗೆ ಬೆಂಕಿ ಹಾಕೋಕೆ ಮುಂಚೆ ಹೋಗಿ ಹೇಳ್ಬೇಕು, ಒಗೀಬೇಡಿ ಅಂತ."

ಇಡೆಲ್ಲಾ ಮಗಳ ಮುಖ ನೋಡಿದಳು. "ಒಗೆಯದೆ ಇಟ್ರೆ? ಅವನನ್ನ ಹಿಡೀತಾರಾ?"

"ಹಿಡಿಯಲ್ಲ."

"ಮತ್ತೆ?"

"ಆದ್ರೂ ಒಗೀಬಾರ್ದು."

ಭೇಟಿಗೆ ಕೊಟ್ಟ ಅರ್ಧ ಗಂಟೆಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಒಂಬತ್ತು ದಿನ ಕತ್ತಲಲ್ಲಿ ಇಡೆಲ್ಲಾ ಎಣಿಸಿದ್ದು ಈ ಅರ್ಧ ಗಂಟೆಗಾಗಿಯೇ.

"ತಣ್ಣೀರಿಗೆ ಹಾಕಿರ್ತಾಳೆ ಕಣೆ," ಎಂದಳು. "ಎದ್ದ ತಕ್ಷಣ ಹಾಕಿರ್ತಾಳೆ. ಓಡು."